ಅಂಚಿನಲ್ಲಿಟ್ಟ ಖಾರ

ಬೀದರ ಸೀಮೆಯ ದುಬಲಗುಂಡಿಯ ಒಕ್ಕಲುತನದ ಮನೆಗಳಲ್ಲಿ ಉಣ್ಣಲು ಕೂತಾಗ ತಾಟಿನಲ್ಲಿ ಖಾರಕ್ಕೆ ಗೊತ್ತಾದ ಒಂದು ಜಾಗವಿದೆ. ನಡುವೆ ಜೋಳದ ರೊಟ್ಟಿ, ಒಂದು ಮಗ್ಗುಲಿಗೆ ತೊಗರಿಬೇಳೆಯೋ ಪುಂಡಿಪಲ್ಯವೋ, ಇನ್ನೊಂದು ಮಗ್ಗುಲಿಗೆ ಗುದ್ದಿ ಒಡೆದ ಉಳ್ಳಾಗಡ್ಡಿ. ಖಾರ ಇರುವುದು ಅಂಚಿಗೆ. ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಹುಣಸೆ ಹಾಕಿ ಕುಟ್ಟಿದ ಕೆಂಪು ಖಾರ ಇರಬಹುದು, ಹಸಿಮೆಣಸಿನಕಾಯಿ ಹುರಿದು ಶೇಂಗಾ ಸೇರಿಸಿ ಅರೆದದ್ದಿರಬಹುದು, ಗುರೆಳ್ಳಿನ ಹಿಂಡಿ ಇರಬಹುದು. ಬೆರಳಿನಿಂದ ಅದರ ನಡುವೆ ಒಂದು ಗುಣಿ ಮಾಡಿ ಕುಸುಬಿ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಪರಊರಿನವರು ಪಂಕ್ತಿಯಲ್ಲಿದ್ದರೆ ಬಡಿಸುವ ಆಯಿ, "ಭಾಳ ಕಡಕ್ ಅದ ನೋಡಪ್ಪ, ಜರಾ ಜರಾ ಹಚ್ಕೊಂಡ್ ಉಣ್ಣು" ಎಂದು ಎಚ್ಚರಿಸುತ್ತಾಳೆ. ಅಷ್ಟೇ. ಎಷ್ಟು ಹಚ್ಚಿಕೊಳ್ಳಬೇಕು ಎಂಬುದನ್ನು ಆಕೆ ಉಣ್ಣುವವನಿಗೇ ಬಿಟ್ಟಿರುತ್ತಾಳೆ.

ಅತಿ ಖಾರ ತಿನ್ನುವುದು ಈಗ ಒಂದು ಆಟವಾಗಿದೆ. ಯಾವುದೋ ದೇಶದಲ್ಲಿ ಬೆಳೆದ ಸುಕ್ಕುಸುಕ್ಕಾದ ಮೆಣಸಿನಕಾಯಿಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಾ ಕ್ಯಾಮೆರಾದ ಮುಂದೆ ನರಳುವ ಹುಡುಗರನ್ನು ಹುಮನಾಬಾದಿನ ಹುಡುಗರೂ ಮೊಬೈಲಿನಲ್ಲಿ ನೋಡುತ್ತಾರೆ. ಇದೆಲ್ಲ ಹುಚ್ಚು ಎಂದು ಬೈದು ಸುಮ್ಮನಾಗುವ ಹಿರಿಯರಿದ್ದಾರೆ. ನಮ್ಮ ಕಡೆಯವರಿಗೆ ಇದು ಯಾವ ಲೆಕ್ಕ ಎಂದು ಮೀಸೆ ತಿರುವುವವರೂ ಇದ್ದಾರೆ. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಖಾರದ ಸುಖ ಸುಳ್ಳಲ್ಲ, ಅದರ ಮಿತಿಯೂ ಸುಳ್ಳಲ್ಲ. ಆ ಮಿತಿಯನ್ನು ಕಾಯಿಯ ಕಡಕ್‌ತನದಲ್ಲಿ ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅಳತೆ ಯಾರ ಕೈಯಲ್ಲಿದೆ ಎಂದು ಕೇಳಬೇಕು.

ಮೊದಲು ಮೀಸೆಯವರ ಮಾತಿಗೆ ಬರೋಣ. ಖಾರ ನಮ್ಮ ರಕ್ತದಲ್ಲೇ ಬಂದದ್ದು ಎಂದು ಬೀದರ, ಕಲಬುರಗಿ ಕಡೆಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಇಲ್ಲಿಗೆ ನೆರೆಯ ಬಸವಕಲ್ಯಾಣ, ಆಗಿನ ಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಅನ್ನಭೋಗದ ಭಾಗ ಅರಮನೆಯ ಅಡುಗೆಮನೆಯನ್ನು ತೆರೆದು ತೋರಿಸುತ್ತದೆ. ಇಡ್ಲಿಯ ಪೂರ್ವಜ ಇದೆ, ದೋಸೆ ಇದೆ, ವಡೆ ಇದೆ, ಮೀನು ಮಾಂಸದ ಬಗೆಬಗೆಯ ಪಾಕಗಳಿವೆ. ಹೊಲದ ಇಲಿಯನ್ನು ಹೇಗೆ ಹದ ಮಾಡಬೇಕೆಂಬ ವಿವರವೂ ಇದೆ. (ನಮ್ಮ ಪರಂಪರೆಯ ಊಟದ ಬಗ್ಗೆ ಭಾಷಣ ಮಾಡುವವರು ಈ ಕೊನೆಯದನ್ನು ಯಾಕೋ ಬಿಟ್ಟುಬಿಡುತ್ತಾರೆ.) ರುಚಿಗೆ ಇಂಗು, ಜೀರಿಗೆ, ಶುಂಠಿ, ಸೈಂಧವ ಲವಣ, ಕರಿಮೆಣಸು. ಮೆಣಸಿನಕಾಯಿಯ ಸುಳಿವೇ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಅದು ಅಮೆರಿಕ ಖಂಡದ ಗಿಡ. ಕೊಲಂಬಸ್ ಆ ಕಡೆ ಹೋದದ್ದು 1492ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳಲ್ಲಿ ಬಂದ ಬೀಜ ಒಳನಾಡಿಗೆ ಹಬ್ಬಿತು. ಪುರಂದರದಾಸರದೆಂದು ಹಾಡುವ ಕೀರ್ತನೆಯೊಂದರಲ್ಲಿ ಮೆಣಸಿನಕಾಯಿ ಬರುವುದನ್ನು, ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಗುರುತಿಸಿದ್ದಾರೆ. ಬಸವಣ್ಣನ ಕಾಲಕ್ಕೂ ಅದಕ್ಕೂ ಸುಮಾರು ನಾಲ್ಕು ನೂರು ವರ್ಷಗಳ ಅಂತರ. ಮಹಾಮನೆಯ ದಾಸೋಹದಲ್ಲಿ ಉಂಡ ಶರಣರಲ್ಲಿ ಒಬ್ಬರೂ ಮೆಣಸಿನಕಾಯಿ ಕಂಡವರಲ್ಲ.

ರಕ್ತದಲ್ಲಿ ಇರದಿದ್ದದ್ದು ನಾಲಗೆಗೆ ಇಷ್ಟು ಗಟ್ಟಿಯಾಗಿ ಹತ್ತಿದ್ದು ಹೇಗೆ? ಇದಕ್ಕೆ ಉತ್ತರ ಹೊಲದಲ್ಲಿದೆ. ಕರಿಮೆಣಸು ಮಲೆನಾಡು, ಮಲಬಾರಿನ ಮಳೆಕಾಡಿನದು. ಬಯಲುಸೀಮೆಯ ಬಡವ ಅದನ್ನು ಕಾಸು ಕೊಟ್ಟೇ ತರಬೇಕಿತ್ತು. ಮೆಣಸಿನಕಾಯಿ ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ ಬಂದಿತು. ಒಣಗಿಸಿಟ್ಟರೆ ವರ್ಷ ಬಾಳಿತು. ಮಳೆ ನಂಬಿದ ಜೋಳದ ಸೀಮೆಯಲ್ಲಿ ಬೇಳೆ ಇಲ್ಲದ ದಿನ ಇತ್ತು, ಎಣ್ಣೆ ಇಲ್ಲದ ದಿನ ಇತ್ತು, ಕಾಯಿಪಲ್ಯ ಇಲ್ಲದ ತಿಂಗಳುಗಳೇ ಇದ್ದವು. ಒಣರೊಟ್ಟಿ ಗಂಟಲಿಗೆ ಇಳಿಯಬೇಕಾದರೆ ಬಾಯಲ್ಲಿ ನೀರೂರಬೇಕು. ಆ ನೀರೂರಿಸುವ ಕೆಲಸವನ್ನು ಒಂದು ಚಿಟಿಕೆ ಖಾರ, ಒಂದು ಹರಳು ಉಪ್ಪು ಮಾಡುತ್ತಿದ್ದವು. ಜೊತೆಗೆ, ಗೊತ್ತಿಲ್ಲದೆಯೇ ಒಂದಿಷ್ಟು ಪೋಷಣೆಯೂ ಸಿಗುತ್ತಿತ್ತು. ಹಸಿ ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಧಾರಾಳವಾಗಿದೆ. ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅದನ್ನು ಹೇರಳವಾಗಿ ತೆಗೆದದ್ದು ಅಲ್ಲಿನ ಕೆಂಪು ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಹೀಗಾಗಿ ನಮ್ಮ ಖಾರದ ಹೆಮ್ಮೆಯ ಬುಡದಲ್ಲಿ ಬಡತನ ಕೂತಿದೆ. "ನಾವು ಖಾರ ತಿಂದು ಗಟ್ಟಿಯಾದ ಮಂದಿ" ಎನ್ನುವಾಗ, ಬೇರೇನೂ ಇಲ್ಲದೆ ಖಾರ ತಿಂದ ಮುತ್ಯಾಗಳ ಕಥೆಯನ್ನು ನಾವು ಶೌರ್ಯದ ಕಥೆಯಾಗಿ ತಿರುಗಿಸಿಕೊಂಡಿರುತ್ತೇವೆ. ಇದನ್ನು ಕೀಳಾಗಿ ಹೇಳುತ್ತಿಲ್ಲ. ಕೊರತೆಯೊಳಗಿಂದಲೇ ರುಚಿ ಹುಟ್ಟಿಸುವುದು ದೊಡ್ಡ ಜಾಣ್ಮೆ. ಅದು ಹಸಿವಿಗೆ ನೆರವಾಗಲೆಂದು ಹುಟ್ಟಿದ ಖಾರ ಎಂಬುದನ್ನಷ್ಟೇ ನೆನಪಿಡಬೇಕು. ಹೊಟ್ಟೆ ತುಂಬಿದ ಮೇಲೆ, ಊಟದ ಗೊಡವೆಯೇ ಇಲ್ಲದೆ, ಪಂದ್ಯಕ್ಕೆಂದು ತಿನ್ನುವ ಖಾರಕ್ಕೆ ಆ ಪರಂಪರೆಯ ಹೆಸರು ಹಚ್ಚುವುದು ಸಲ್ಲದು.

ಬೇಸಿಗೆ ಬಂದರೆ ಹುಮನಾಬಾದು, ಬಸವಕಲ್ಯಾಣದ ಖಾರ ಕುಟ್ಟುವ ಗಿರಣಿಗಳ ಮುಂದೆ ಡಬ್ಬಿ ಹಿಡಿದ ಹೆಣ್ಣುಮಕ್ಕಳ ಸಾಲು ನಿಲ್ಲುತ್ತದೆ. ವರ್ಷದ ಖಾರ ಒಮ್ಮೆಗೇ ಆಗಬೇಕು. ಓಣಿಯ ತಿರುವಿಗೇ ಘಾಟು ಮೂಗಿಗೆ ಹೊಡೆಯುತ್ತದೆ. ಗಿರಣಿಯವನು ಬಾಯಿಗೆ ಟವೆಲ್ ಬಿಗಿದಿರುತ್ತಾನೆ, ಸಾಲಿನಲ್ಲಿದ್ದವರು ಸೀನುತ್ತಾ, ನಗುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿರುತ್ತಾರೆ. ಒಬ್ಬೊಬ್ಬರ ಡಬ್ಬಿಯ ಹದವೂ ಬೇರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೆರಿಗೆಗಟ್ಟಿದ ಸಿಪ್ಪೆಯ, ಗಾಢ ಕೆಂಪಿನ, ಕಡಿಮೆ ಖಾರದ ಕಾಯಿ; 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗುಂಟೂರಿನದು ಅದಕ್ಕಿಂತ ಹಲವು ಪಟ್ಟು ಕಡಕ್. ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿರುವ ಈ ಸೀಮೆಗೆ ಎರಡೂ ಸಿಗುತ್ತವೆ, ಮರಾಠವಾಡದ ಠೇಚಾದ ರುಚಿಯೂ ಗಡಿ ದಾಟಿ ಬರುತ್ತದೆ. ಮನೆಯಲ್ಲಿ ಮುದುಕರಿದ್ದರೆ ಬ್ಯಾಡಗಿ ಒಂದು ಪಾಲು ಹೆಚ್ಚು, ಹೊಲದಲ್ಲಿ ದುಡಿಯುವ ಗಂಡಾಳುಗಳು ಹೆಚ್ಚಿದ್ದರೆ ಗುಂಟೂರು ಒಂದು ಪಾಲು ಹೆಚ್ಚು. ಜಗತ್ತಿನ ಯಾವ ಖಾರ ಪಂಡಿತನಿಗೂ ಕಡಿಮೆಯಿಲ್ಲದ ಅಳತೆಯ ಜ್ಞಾನ ಆ ಸಾಲಿನಲ್ಲಿ ನಿಂತವರಿಗಿದೆ.

ಇನ್ನು ಖಾರ ಬಾಯಲ್ಲಿ ಮಾಡುವುದೇನು? ಅದು ಸಿಹಿ, ಹುಳಿ, ಉಪ್ಪಿನಂತೆ ರುಚಿಯಲ್ಲ, ನೋವು. ಮೆಣಸಿನಕಾಯಿಯಲ್ಲಿ ಬೀಜ ಅಂಟಿಕೊಂಡಿರುವ ಬಿಳಿಯ ನಾರಿನ ಭಾಗದಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ತಯಾರಾಗುತ್ತದೆ. ಖಾರ ಇರುವುದು ಬೀಜದಲ್ಲಿ ಎಂದು ನಾವು ತಿಳಿದಿರುತ್ತೇವೆ. ಬೀಜಕ್ಕೆ ಅದು ಪಕ್ಕದ ನಾರಿನಿಂದ ಹತ್ತಿಕೊಳ್ಳುತ್ತದೆ. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದಾಗ ಎಚ್ಚರಿಸುವ ಒಂದು ಗ್ರಾಹಕವಿದೆ, ಹೆಸರು ಟಿಆರ್‌ಪಿವಿ1. ಕ್ಯಾಪ್ಸೈಸಿನ್ ಹೋಗಿ ಅದನ್ನೇ ತಟ್ಟುತ್ತದೆ. ಬಾಯಿ ಸುಟ್ಟಿರುವುದಿಲ್ಲ, ಸುಟ್ಟಿತೆಂದು ಮಿದುಳಿಗೆ ಸುದ್ದಿ ಹೋಗಿರುತ್ತದೆ. ಬೆವರು, ಕಣ್ಣೀರು, ಸಿಂಬಳ, ಜೊಲ್ಲು ಎಲ್ಲವೂ ಆ ಸುಳ್ಳು ಬೆಂಕಿಯನ್ನು ಆರಿಸಲು ಮೈ ಮಾಡುವ ಪಡಿಪಾಟಲು. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲಿ ಈ ಗ್ರಾಹಕ ಕ್ಯಾಪ್ಸೈಸಿನ್‌ಗೆ ಓಗೊಡುವುದಿಲ್ಲ. ಗಿಳಿ ಮೆಣಸಿನಹಣ್ಣನ್ನು ನೆಮ್ಮದಿಯಿಂದ ತಿಂದು ಬೀಜವನ್ನು ದೂರಕ್ಕೆ ಒಯ್ದು ಹಾಕುತ್ತದೆ; ಹಲ್ಲಿನಿಂದ ಬೀಜವನ್ನೇ ಅರೆದುಬಿಡುವ ಇಲಿ ಅಳಿಲುಗಳು ಹತ್ತಿರ ಸುಳಿಯದಂತೆ ಖಾರ ಕಾಯುತ್ತದೆ. ನಮ್ಮಂಥ ಪ್ರಾಣಿಗಳನ್ನು ಓಡಿಸಲೆಂದೇ ಗಿಡ ಇಟ್ಟುಕೊಂಡ ಆಯುಧವದು. ಓಡಿಹೋಗದೆ, ಮತ್ತೆ ಮತ್ತೆ ಬಂದು, ಹೊಲ ಉತ್ತು ನೀರು ಕಟ್ಟಿ ಅದನ್ನು ಬೆಳೆಸುತ್ತಿರುವವನು ಮನುಷ್ಯ.

ಯಾಕೆ ಬರುತ್ತಾನೆ? ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1980ರ ಸುಮಾರಿಗೆ ಮೆಕ್ಸಿಕೋದಲ್ಲಿ ಇದನ್ನೇ ಅಧ್ಯಯನ ಮಾಡಿದರು. ಮಕ್ಕಳು ಖಾರವನ್ನು ಇಷ್ಟಪಟ್ಟು ಹುಟ್ಟುವುದಿಲ್ಲ, ಮನೆಯವರು ತಿನ್ನುವುದನ್ನು ನೋಡಿ ತಾವಾಗಿ ಚೂರು ಚೂರೇ ಹತ್ತಿರವಾಗುತ್ತಾರೆ. ಮೈ ಅಪಾಯವೆಂದು ಕೂಗುತ್ತಿದ್ದರೂ ಅಪಾಯವಿಲ್ಲವೆಂದು ಮನಸ್ಸಿಗೆ ಗೊತ್ತಿರುವುದೇ ಈ ಸುಖದ ಗುಟ್ಟು ಎಂದು ಅವರು ವಾದಿಸಿದರು. ಜಾತ್ರೆಯ ತಿರುಗುತೊಟ್ಟಿಲಿನಲ್ಲಿ ಕಿರುಚುತ್ತಾ ಕೂರುವುದೂ ಇದೇ ಜಾತಿಯ ಸುಖ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಸುಸಲಾದ ಜೊತೆ ಬಿಸಿ ಮಿರ್ಚಿ ಕಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮೊದಲ ತುತ್ತಿಗೆ ಏನೂ ಇಲ್ಲ, ಎರಡನೆಯದಕ್ಕೆ ತುಟಿ ಚುರುಗುಟ್ಟುತ್ತದೆ, ಮೂರನೆಯದಕ್ಕೆ ನೆತ್ತಿಗೆ ಹತ್ತುತ್ತದೆ. ಕಿವಿ ಬಿಸಿಯಾಗುತ್ತದೆ. ಕೈ ಮತ್ತೆ ಮಿರ್ಚಿಯ ಕಡೆಗೇ ಹೋಗುತ್ತದೆ. ಖಾರ ಇಳಿಯುವಾಗ ಮೈಯಲ್ಲಿ ಹರಡುವ ಹಗುರವನ್ನು ಉಂಡವರೇ ಬಲ್ಲರು. ಇದನ್ನು ಚಟ ಎಂದು ತಳ್ಳಿಹಾಕುವವರ ಮೇಲೆ ನನಗೆ ಸ್ವಲ್ಪ ಅನುಮಾನ. ಅವರು ಒಳ್ಳೆಯ ಮಿರ್ಚಿ ತಿಂದಿರಲಾರರು.

ಈ ಸುಖಕ್ಕೆ ಒಂದು ಕರಾರಿದೆ. ಖಾರ ಬಾಯಿಗೆ ಬಿದ್ದೊಡನೆ ಪೂರ್ತಿ ಏರುವುದಿಲ್ಲ. ಏರಿ ತುದಿ ಮುಟ್ಟಲು ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು. ತುತ್ತು ತುತ್ತಾಗಿ ಉಣ್ಣುವವನಿಗೆ ಈ ಏರಿಕೆ ತಿಳಿಯುತ್ತಾ ಹೋಗುತ್ತದೆ, ಮುಂದಿನ ತುತ್ತಿಗೆ ಎಷ್ಟು ಹಚ್ಚಬೇಕೆಂದು ನಾಲಗೆಯೇ ಹೇಳುತ್ತದೆ. ರೊಟ್ಟಿಯ ತಾಟಿನ ವ್ಯವಸ್ಥೆಯೆಲ್ಲ ಇದಕ್ಕೆ ತಕ್ಕಂತಿದೆ. ಕ್ಯಾಪ್ಸೈಸಿನ್ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ. ಕುಸುಬಿ ಎಣ್ಣೆ ಅದನ್ನು ಹರಡಿ ತೆಳುವಾಗಿಸುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ, ಅದಕ್ಕೇ ಮೊಸರು, ಮಜ್ಜಿಗೆ. ಎಳ್ಳಮಾಸಿಯ ದಿನ ಹೊಲದಲ್ಲಿ ಕೂತು ಭಜ್ಜಿ ಉಣ್ಣುವಾಗ ಪಕ್ಕದಲ್ಲಿ ಅಂಬಲಿಯ ಗಡಿಗೆ ಇದ್ದೇ ಇರುತ್ತದೆ. ನಡುವೆ ಅಂಬಲಿ ಕುಡಿದವನನ್ನು ಸೋತವನೆಂದು ಯಾರೂ ನಗುವುದಿಲ್ಲ. ಏರುವುದೂ ಇಳಿಯುವುದೂ ಎರಡೂ ಉಣ್ಣುವವನ ಕೈಯಲ್ಲಿವೆ.

ಪಂದ್ಯದ ಖಾರ ಕಸಿದುಕೊಳ್ಳುವುದು ಇದನ್ನೇ. 1912ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ವಿಲ್ಬರ್ ಸ್ಕೋವಿಲ್ ಖಾರಕ್ಕೆ ಅಂಕಿ ಕೊಡುವ ವಿಧಾನ ಹುಡುಕಿದರು. ಮೆಣಸಿನಕಾಯಿಯ ಸತ್ವವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುವಾಗಿಸಿದರೆ ರುಚಿ ನೋಡುವವರಿಗೆ ಖಾರ ತಿಳಿಯದಂತಾಗುತ್ತದೋ ಅಷ್ಟು ಅದರ ಅಂಕಿ. ಔಷಧದ ಹದ ಹಿಡಿಯಲು ಹುಟ್ಟಿದ ಈ ಲೆಕ್ಕ ಆಮೇಲೆ ಓಟದ ಮೈದಾನವಾಯಿತು. ಗುಂಟೂರಿನ ಸನ್ನಂ ಮೆಣಸಿನಕಾಯಿ 35-40 ಸಾವಿರದ ಆಸುಪಾಸು. ಈಶಾನ್ಯ ಭಾರತದ ಭೂತ ಜೊಲೊಕಿಯಾ 2007ರಲ್ಲಿ 10 ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತು. ಅಮೆರಿಕದ ದಕ್ಷಿಣ ಕೆರೊಲಿನಾದ ಎಡ್ ಕರಿ ಬೆಳೆಸಿದ ಕೆರೊಲಿನಾ ರೀಪರ್ 2013ರಲ್ಲಿ 15 ಲಕ್ಷ ಮೀರಿತು. ಅದೇ ಕರಿಯ ಪೆಪ್ಪರ್ ಎಕ್ಸ್ 2023ರ ಅಕ್ಟೋಬರ್‌ನಲ್ಲಿ 26,93,000ಕ್ಕೆ ಏರಿತು. ಅದನ್ನು ಇಡಿಯಾಗಿ ತಿಂದ ಕರಿ ತಾನೇ ಹೇಳಿಕೊಂಡಂತೆ, ಉರಿ ಮೂರೂವರೆ ಗಂಟೆ ಇತ್ತು. ಆಮೇಲೆ ಹೊಟ್ಟೆ ಹಿಂಡಿ, ಮಳೆಯಲ್ಲಿ ಒಂದು ಅಮೃತಶಿಲೆಯ ಗೋಡೆಯ ಮೇಲೆ ಸುಮಾರು ಒಂದು ಗಂಟೆ ನರಳುತ್ತಾ ಮಲಗಿದ್ದರು. ಬೆಳೆಸಿದವನ ಪಾಡೇ ಇದು.

ಇಷ್ಟು ಖಾರದ ಕಾಯಿಯೇ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬಾರದು. ಭೂತ ಜೊಲೊಕಿಯಾವನ್ನೇ ನೋಡಿ. ನಾಗಾಲ್ಯಾಂಡಿನಲ್ಲಿ, ಅಸ್ಸಾಮಿನಲ್ಲಿ ಅದು ದಿನದ ಅಡುಗೆಯ ಕಾಯಿ. ನಾಗಾ ಮೆಣಸಿನಕಾಯಿಗೆ 2008ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ. ಒಂದೇ ಒಂದು ಕಾಯಿಯ ತುಣುಕು ಇಡೀ ಪಾತ್ರೆಯ ಹಂದಿಮಾಂಸಕ್ಕೆ, ಎಳೆಬಿದಿರಿನ ಪಲ್ಯಕ್ಕೆ ಸಾಕು. ಅದರ ಪರಿಮಳಕ್ಕಾಗಿ ಜನ ಅದನ್ನು ಬಯಸುತ್ತಾರೆ. ಅಲ್ಲಿಯವರ ಕೈಗೆ ಅದರ ಅಳತೆ ತಲೆಮಾರುಗಳಿಂದ ಗೊತ್ತು. ಅಸ್ಸಾಮಿನ ಅನಂದಿತಾ ದತ್ತ ತಾಮುಲಿ 2009ರಲ್ಲಿ ಎರಡು ನಿಮಿಷದಲ್ಲಿ 51 ಭೂತ ಜೊಲೊಕಿಯಾ ತಿಂದು ಜಗತ್ತನ್ನು ಬೆರಗುಗೊಳಿಸಿದರು. ಅವರು ಚಿಕ್ಕಂದಿನಿಂದ ಖಾರಕ್ಕೆ ಒಗ್ಗಿದವರು. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದರೆ ಉರಿಯ ಸುದ್ದಿ ಒಯ್ಯುವ ನರಗಳು ಮಂಕಾಗುತ್ತವೆ. ವೈದ್ಯರು ಇದನ್ನೇ ಬಳಸಿಕೊಂಡು, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇ 8ರ ಕ್ಯಾಪ್ಸೈಸಿನ್ ಪಟ್ಟಿಯನ್ನು ಗೊತ್ತುಮಾಡಿದ ಹೊತ್ತು ಮಾತ್ರ ಚರ್ಮಕ್ಕೆ ಅಂಟಿಸಿ ತೆಗೆಯುತ್ತಾರೆ. ಕಾಯಿಯೂ ಅದೇ, ಕ್ಯಾಪ್ಸೈಸಿನ್ನೂ ಅದೇ; ಅಳತೆಯಿಂದ ಅಡುಗೆಯೂ ಆಗುತ್ತದೆ, ಔಷಧವೂ ಆಗುತ್ತದೆ.

ಅಳತೆ ತಪ್ಪಿಸಿಯೇ ಮಾರುವ ಸರಕೂ ಇದೆ. ಅಮೆರಿಕದ ಪಾಕಿ ಎಂಬ ಕಂಪನಿ ಶವಪೆಟ್ಟಿಗೆಯ ಆಕಾರದ ಡಬ್ಬಿಯಲ್ಲಿ ಒಂದೇ ಒಂದು ಚಿಪ್ ಇಟ್ಟು ಮಾರಿತು. ಚಿಪ್‌ಗೆ ರೀಪರ್‌ನಂಥ ಕಾಯಿಗಳ ಪುಡಿ ಸವರಿತ್ತು. ಸವಾಲೇನೆಂದರೆ ಪೂರ್ತಿ ತಿನ್ನಬೇಕು, ಆಮೇಲೆ ಏನನ್ನೂ ತಿನ್ನದೆ ಕುಡಿಯದೆ ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ ನೋಡಬೇಕು. ಮಜ್ಜಿಗೆ ಕುಡಿದರೆ ಸೋಲು. ತುತ್ತಿನ ಲೆಕ್ಕವಿಲ್ಲ, ಹಿಂದೆ ಸರಿಯುವ ದಾರಿಯಿಲ್ಲ. ದೊಡ್ಡವರಿಗೆ ಮಾತ್ರ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು, ಆದರೆ ಅದು ಶಾಲೆಗಳನ್ನು ತಲುಪಿತು. 2023ರ ಸೆಪ್ಟೆಂಬರ್ 1ರಂದು ಮ್ಯಾಸಚುಸೆಟ್ಸ್‌ನ 14 ವರ್ಷದ ಹುಡುಗನೊಬ್ಬ ಅದನ್ನು ತಿಂದ ದಿನವೇ ಸತ್ತ. ಅವನ ಹೃದಯ ಹಿಗ್ಗಿತ್ತು, ರಕ್ತನಾಳದಲ್ಲಿ ಹುಟ್ಟುದೋಷವೊಂದಿತ್ತು. ಅತಿಯಾದ ಕ್ಯಾಪ್ಸೈಸಿನ್ ಸೇವನೆಯ ಹಿನ್ನೆಲೆಯಲ್ಲಿ ಹೃದಯ ಮತ್ತು ಉಸಿರಾಟ ನಿಂತಿತು ಎಂದು ಶವಪರೀಕ್ಷೆಯ ವರದಿ ಹೇಳಿತು. ಕಂಪನಿ ಸರಕನ್ನು ಅಂಗಡಿಗಳಿಂದ ವಾಪಸು ತೆಗೆದುಕೊಂಡಿತು. ಮರುವರ್ಷ ಜುಲೈನಲ್ಲಿ ಟೋಕಿಯೋದ ಪ್ರೌಢಶಾಲೆಯೊಂದರಲ್ಲಿ ಭೂತ ಜೊಲೊಕಿಯಾದ ಚಿಪ್ಸ್ ಹಂಚಿಕೊಂಡು ತಿಂದ 14 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ನಮ್ಮ ದೇಶದಲ್ಲೂ ಜೋಲೋ ಚಿಪ್ ಎಂಬ ಇಂಥದೇ ಒಂಟಿ ಚಿಪ್ ಬಂದು ಯೂಟ್ಯೂಬಿನಲ್ಲಿ ಓಡಿತು.

ದೊಡ್ಡವರಿಗೂ ಇದು ತಪ್ಪಿಲ್ಲ. ಪಂದ್ಯದಲ್ಲಿ ರೀಪರ್ ತಿಂದ 34 ವರ್ಷದ ಅಮೆರಿಕನ್ನನಿಗೆ ಸಿಡಿಲು ಬಡಿದಂಥ ತಲೆನೋವು ಬಂದು, ಮಿದುಳಿನ ರಕ್ತನಾಳಗಳು ಕೆಲಕಾಲ ಬಿಗಿದುಕೊಂಡಿದ್ದನ್ನು 2018ರಲ್ಲಿ ವೈದ್ಯರು ವರದಿ ಮಾಡಿದರು. ಅದಕ್ಕೂ ಎರಡು ವರ್ಷ ಹಿಂದೆ ವರದಿಯಾದ ಪ್ರಕರಣದಲ್ಲಿ, ಭೂತ ಜೊಲೊಕಿಯಾ ಅರೆದು ಹಚ್ಚಿದ ಬರ್ಗರ್ ತಿಂದವನೊಬ್ಬ ವಾಂತಿಯ ರಭಸಕ್ಕೆ ಅನ್ನನಾಳವನ್ನೇ ಹರಿದುಕೊಂಡಿದ್ದ. ಇವು ಅಪರೂಪ, ನಿಜ. ಊಟದಲ್ಲಿ ಖಾರ ಉಣ್ಣುವ ಕೋಟ್ಯಂತರ ಜನರಿಗೆ ಹೀಗಾಗುವುದಿಲ್ಲ, ಅದೂ ನಿಜ.

ದಿನನಿತ್ಯದ ಖಾರದ ಬಗ್ಗೆ ನಮ್ಮಲ್ಲಿರುವ ಭಯಗಳಲ್ಲಿ ಕೆಲವು ಹಳಸಿವೆ. ಹೊಟ್ಟೆಯ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆಗಳು; ಆ ಬ್ಯಾಕ್ಟೀರಿಯಾ ಕಂಡುಹಿಡಿದವರಿಗೆ 2005ರಲ್ಲಿ ನೊಬೆಲ್ ಬಂತು. ಚೀನಾದಲ್ಲಿ ಸುಮಾರು ಐದು ಲಕ್ಷ ಜನರನ್ನು ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರದ ಬಹುಪಾಲು ದಿನ ಖಾರ ಉಣ್ಣುವವರಲ್ಲಿ ಸಾವಿನ ಪ್ರಮಾಣ ಶೇ 14ರಷ್ಟು ಕಡಿಮೆ ಕಂಡಿತು. ಖಾರವೇ ಆಯಸ್ಸು ಹೆಚ್ಚಿಸಿತೆಂದು ಅದರಿಂದ ಸಾಬೀತಾಗುವುದಿಲ್ಲ. ಖಾರ ಉಣ್ಣುವವರ ಉಳಿದ ಬದುಕೂ ಬೇರೆ ಇರಬಹುದು. ಎದೆಯುರಿ, ಹುಳಿತೇಗು ಇರುವವರಿಗೆ, ಕರುಳು ಸೂಕ್ಷ್ಮವಿರುವವರಿಗೆ, ಗುದದ್ವಾರ ಸೀಳಿ ನರಳುವವರಿಗೆ ಖಾರ ಹಿಂಸೆಯೇ. ಅಂಥವರಿಗೆ ಐದು ಲಕ್ಷ ಚೀನೀಯರ ಲೆಕ್ಕದಿಂದ ಏನೂ ಆಗಬೇಕಿಲ್ಲ.

ದೊಡ್ಡವನೊಬ್ಬ ತಾನಾಗಿ ತಿಂದರೆ ನಿಮಗೇನು ಎಂದು ಕೇಳಬಹುದು. ಕೇಳಬೇಕಾದ್ದೇ. ಬೆಟ್ಟ ಹತ್ತುವವನನ್ನು, ಉಪವಾಸ ಮಾಡುವವನನ್ನು ನಾವು ತಡೆಯುವುದಿಲ್ಲ. ತೋಟದಲ್ಲಿ ರೀಪರ್ ಬೆಳೆದು, ಅದರ ಹಣ್ಣಿನಂಥ ವಾಸನೆಯನ್ನು ಮೂಸಿ, ಉಗುರಿನಷ್ಟನ್ನು ತಿಂದು ನೋಡುವ ಹವ್ಯಾಸಿಯ ಮೇಲೆ ನನಗೆ ಗೌರವವೇ ಇದೆ. ಅವನು ಅಳೆಯುತ್ತಿದ್ದಾನೆ. ಗುಂಪಿನ ಮುಂದೆ ನಿಂತ ಹುಡುಗನ ಆಯ್ಕೆ ಅಂಥದಲ್ಲ. ಅವನು ಒಪ್ಪಿಕೊಳ್ಳುವುದು ಖಾರ ಏರುವ ಮೊದಲು. ಏರಿದ ಮೇಲೆ ಅವನ ಒಪ್ಪಿಗೆಯನ್ನು ಯಾರೂ ಮತ್ತೆ ಕೇಳುವುದಿಲ್ಲ. ಮೇಲಾಗಿ ಇಪ್ಪತ್ತು ಲಕ್ಷದ ಖಾರದಲ್ಲಿ ಬೆಳ್ಳುಳ್ಳಿಯೂ ತಿಳಿಯದು, ಹುಣಸೆಯೂ ತಿಳಿಯದು. ಅದನ್ನು ಊಟದ ಪಂಕ್ತಿಗೆ ಸೇರಿಸಿ ಮಾತನಾಡುವುದೇ ತಪ್ಪು.

ಹೊರಗಿನವರನ್ನು ದೂರಿದ್ದಾಯಿತು. ನಮ್ಮ ಮನೆಯಲ್ಲೂ ಅಳತೆ ಕಸಿಯುವ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ತಾಟಿನ ಅಂಚಿನ ಖಾರ ಬೇಕಾದಷ್ಟೇ ಹಚ್ಚಿಕೊಳ್ಳುವಂಥದ್ದು; ಪಾತ್ರೆಗೇ ಬೆರೆಸಿದ ಖಾರ ಹಾಗಲ್ಲ. ಮನೆಯ ಯಜಮಾನನಿಗೆ ಕಡಕ್ ಬೇಕು, ಅದಕ್ಕೆ ಸಾರು ಕಡಕ್ ಆಗುತ್ತದೆ. ಕೂಸು, ಮುದುಕಿ, ಗ್ಯಾಸ್ಟ್ರಿಕ್ ಎಂದು ಗುಳಿಗೆ ನುಂಗುವ ಸೊಸೆ ಎಲ್ಲರೂ ಅದನ್ನೇ ಉಣ್ಣಬೇಕು. ಖಾರ ತಾಳದ ಹುಡುಗನಿಗೆ "ಏನಲೇ, ಸಪ್ಪನ ಉಣ್ಣಾಂವ" ಎಂದು ಹಂಗಿಸುತ್ತೇವೆ. ಬೇರೆ ಸೀಮೆಯಿಂದ ಬಂದ ಸೊಸೆ ಕಣ್ಣೀರು ಒರೆಸಿಕೊಂಡರೆ "ರೂಢಿ ಆಗ್ತದ ತಗೋ" ಎನ್ನುತ್ತೇವೆ. ಹಾಸ್ಟೆಲ್ಲುಗಳಲ್ಲಿ ನೀರಾದ ಬೇಳೆಸಾರಿನ ಬಡತನವನ್ನು ಮುಚ್ಚಲು ಖಾರದಪುಡಿ ಸುರಿಯುವುದು ಯಾರಿಗೆ ಗೊತ್ತಿಲ್ಲ? ಪಂದ್ಯದ ಹುಡುಗನಾದರೂ ಒಮ್ಮೆ ಹೂಂ ಎಂದಿದ್ದ. ಇವರನ್ನು ಕೇಳಿದವರೇ ಇಲ್ಲ.

ಬಾಯಿಗೆ ಇಡದೆಯೇ ಖಾರ ತಿನ್ನುವವರೂ ಇದ್ದಾರೆ. ಬ್ಯಾಡಗಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ ಮಾಡುತ್ತಾರೆ. ಮುಖಕ್ಕೆ ಸೆರಗು ಸುತ್ತಿ, ಕೆಂಪು ರಾಶಿಯ ಮುಂದೆ ಇಡೀ ದಿನ ಕೂತು, ಒಂದೊಂದೇ ಕಾಯಿ ಹಿಡಿದು ತೊಟ್ಟು ಬಿಡಿಸಬೇಕು. ಕಡಿಮೆ ಖಾರದ ಕಾಯಿಯಾದರೂ ದಿನವಿಡೀ ಹಿಡಿದರೆ ಬೆರಳ ಸಂದಿ ಉರಿಯುತ್ತದೆ. ಆ ಕೈಯಲ್ಲಿ ಕಣ್ಣು ಮುಟ್ಟುವಂತಿಲ್ಲ, ಕೂಸನ್ನು ಎತ್ತಿಕೊಳ್ಳುವಂತಿಲ್ಲ. ಕೈಗವಸು, ಮುಖಗವಸು, ಗಾಳಿಯಾಡುವ ಕೋಣೆ, ಕೈಗೆ ಹಚ್ಚಲು ಎಣ್ಣೆ, ತೊಳೆಯಲು ಸಾಬೂನು: ಇಷ್ಟನ್ನು ಒದಗಿಸುವುದು ಮೆಣಸಿನಕಾಯಿಯ ವಹಿವಾಟಿಗೆ ಭಾರವಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಸಾರನ್ನು ಸಪ್ಪಗೆ ಮಾಡಿ, ಖಾರವನ್ನು ಬೇರೆ ಬಟ್ಟಲಲ್ಲಿ ಇಡಿ. ಮದುವೆಯ ಪಂಕ್ತಿಯಲ್ಲೂ, ಹಾಸ್ಟೆಲ್ಲಿನಲ್ಲೂ. ಕಾಲೇಜಿನ ಉತ್ಸವಗಳಲ್ಲಿ ಖಾರ ತಿನ್ನುವ ಪಂದ್ಯ ಇಡಬೇಡಿ. ಒಂಟಿ ಚಿಪ್‌ಗಳನ್ನು ಶಾಲೆಯ ಆಸುಪಾಸಿನ ಅಂಗಡಿಯಲ್ಲಿ ಕಂಡರೆ ಅಂಗಡಿಯವನಿಗೆ ತಿಳಿಹೇಳಿ. ಯಾರಾದರೂ ಹಟಕ್ಕೆ ಬಿದ್ದು ತಿಂದು ಬಾಯಿ ಉರಿಸಿಕೊಂಡರೆ ನೀರಿಗಿಂತ ಹಾಲು ಮೊಸರು ಮೇಲು. ಆದರೆ ಎದೆ ನೋವು, ಉಸಿರು ಕಟ್ಟುವುದು, ನಿಲ್ಲದ ವಾಂತಿ, ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು ಕಂಡರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ದು, ಏನು ತಿಂದದ್ದೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ.